ಹಳೆ ಅಂಬಾಸಿಡರ್‌ಗೆ ಇಸುಜು ಎಂಜಿನ್: ಬಿಚ್ಚುವ ಮೊದಲು ಓದಿಕೊಳ್ಳಿ

ಅಪ್ಪನ ಅಂಬಾಸಿಡರ್ 1977ರ ಮಾರ್ಕ್ 3. ಮೂರನೇ ಸಲ ಬೋರಿಗೆ (ಸವೆದ ಸಿಲಿಂಡರ್ ಕೊರೆಸುವ ಕೆಲಸಕ್ಕೆ) ಬಂದಾಗ ಮನೆಯಲ್ಲಿ ಇದ್ದದ್ದು ಎರಡೇ ಮಾತು: ಮಾರಿಬಿಡೋಣ, ಇಲ್ಲವೇ ಎಂಜಿನ್ನೇ ಬದಲಿಸೋಣ. ಶಿರಾಡಿ ಘಾಟಿಯಲ್ಲಿ ಕಟ್ಟಿಗೆ ತುಂಬಿದ ಲಾರಿ ಹಾರ್ನ್ ಹೊಡೆದು ನಮ್ಮನ್ನು ಹಿಂದಿಕ್ಕಿದ ದಿನ ಅಪ್ಪನೇ ತೀರ್ಮಾನ ಮಾಡಿದರು. 2006ರಲ್ಲಿ ಅದಕ್ಕೆ 1800 ಇಸುಜು ಎಂಜಿನ್ ಕೂರಿಸಿದೆವು. ಆಮೇಲೆ ಗೆಳೆಯನೊಬ್ಬನ ಗಾಡಿಗೂ ಅದೇ ಕೆಲಸಕ್ಕೆ ಕೈಹಾಕಿದೆ. ಮೊದಲನೆಯದರಲ್ಲಿ ಮಾಡಿದ ತಪ್ಪುಗಳನ್ನು ಎರಡನೆಯದರಲ್ಲಿ ಮಾಡಲಿಲ್ಲ. ಬೇರೆ ತಪ್ಪು ಮಾಡಿದೆ, ಅದನ್ನೂ ಹೇಳುತ್ತೇನೆ.

ಇಸುಜುವೇ ಯಾಕೆ ಅಂದರೆ, ಹಿಂದೂಸ್ತಾನ್ ಮೋಟಾರ್ಸ್‌ನವರೇ 1990ರ ದಶಕದ ಆರಂಭದಲ್ಲಿ ಇದೇ ಬಾಡಿಗೆ ಅದೇ ಎಂಜಿನ್ ಹಾಕಿ 1800 ಐಎಸ್‌ಝಡ್ ಅಂತ ಮಾರಿದರು. ಹಳೆಯ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಎಂಜಿನ್ 1489 ಸಿಸಿ, ಸುಮಾರು 50 ಕುದುರೆಬಲ, ನಾಲ್ಕು ಗೇರು. ಇಸುಜು 1817 ಸಿಸಿ, 75 ಕುದುರೆಬಲ, ಐದು ಗೇರು. 2014ರಲ್ಲಿ ಉತ್ತರಪಾರಾ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿ ನಿಂತ ಹೊತ್ತಿಗೂ ಹೊರಗಿನಿಂದ ನೋಡಿದರೆ ಗಾಡಿಯ ಆಕಾರ ಹೆಚ್ಚುಕಮ್ಮಿ ಅದೇ. ಅಂದರೆ ಎಂಜಿನ್ ಎಲ್ಲಿ ಕೂರಬೇಕು, ಫೌಂಡೇಶನ್ (ಎಂಜಿನ್ ಹೊರುವ ಆಸರೆ) ಹೇಗಿರಬೇಕು, ರೇಡಿಯೇಟರ್ ಎಷ್ಟು ದೊಡ್ಡದು ಬೇಕು ಅನ್ನುವ ತಲೆನೋವನ್ನು ಕಂಪನಿಯವರು ಆಗಲೇ ಪಟ್ಟಿದ್ದಾರೆ. ನಮ್ಮ ಕೆಲಸ ಅವರದ್ದನ್ನು ನೋಡಿ ನಕಲು ಮಾಡುವುದು. ಜೀಪಿನ ಡೀಸೆಲ್ ಎಂಜಿನ್ನು, ಇನ್ಯಾವುದೋ ಜಪಾನಿ ಎಂಜಿನ್ನು ಹಾಕಿಸಿ ವರ್ಷಗಟ್ಟಲೆ ಶೆಡ್ಡಿನಲ್ಲೇ ನಿಂತ ಗಾಡಿಗಳನ್ನು ನಾನು ಸಾಕಷ್ಟು ಕಂಡಿದ್ದೇನೆ.

ಮೊದಲ ಹೆಜ್ಜೆ ಆರ್‌ಟಿಒ ಕಚೇರಿಗೆ

ಸ್ಪ್ಯಾನರ್ ಹಿಡಿಯುವ ಮೊದಲು ಆರ್‌ಸಿ ತೆಗೆದು ನೋಡಿ. ಎಂಜಿನ್ ನಂಬರ್, ಷಾಸಿ ನಂಬರ್, ಸಿಸಿ, ಇಂಧನ ಎಲ್ಲವೂ ಅದರಲ್ಲಿದೆ. ಎಂಜಿನ್ ಬದಲಾದರೆ ಕನಿಷ್ಠ ಎರಡು ವಿವರ ಬದಲಾಗುತ್ತವೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ಮಾಲೀಕ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿಯೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಬಂದು, ಒಪ್ಪಿಗೆಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು ಎಂದಾಯಿತು.

2006ರಲ್ಲಿ ಇನ್‌ಸ್ಪೆಕ್ಟರ್ ಬಂದು ಬಾನೆಟ್ ಎತ್ತಿ, ಹೊಸ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿಕೊಂಡು ಹೋಗಿದ್ದರು. ಈಗ ಅಷ್ಟು ಸಲೀಸಿಲ್ಲ. ಗಾಡಿ ನೋಂದಣಿಯಾದ ಕಚೇರಿಗೆ ಮೊದಲೇ ಲಿಖಿತ ಅರ್ಜಿ ಕೊಡಿ: ಅದೇ ಕಂಪನಿಯ, ಅದೇ ಮಾದರಿಗೆ ಕಂಪನಿಯೇ ಹಾಕುತ್ತಿದ್ದ, ಅದೇ ಪೆಟ್ರೋಲ್ ಇಂಧನದ ಎಂಜಿನ್ ಎಂದು ಸ್ಪಷ್ಟವಾಗಿ ಬರೆಯಿರಿ. ಐಎಸ್‌ಝಡ್‌ನ ಹಳೆಯ ಕೈಪಿಡಿ ಸಿಕ್ಕರೆ ಅದರ ಪ್ರತಿ ಲಗತ್ತಿಸಿ. ಅಧಿಕಾರಿ ಒಪ್ಪದೆಯೂ ಇರಬಹುದು. ಒಪ್ಪದಿದ್ದರೆ ಅಲ್ಲಿಗೆ ಕೈಬಿಡಿ. ಆ ಗಾಡಿ ರಸ್ತೆಯಲ್ಲಿ ಅಪಘಾತ ಮಾಡಿಕೊಂಡರೆ ವಿಮೆಯವರು ಮೊದಲು ಹುಡುಕುವುದು ಎಂಜಿನ್ ನಂಬರನ್ನೇ. ನಾವು ಗೆಳೆಯನ ಗಾಡಿಗೆ ಒಪ್ಪಿಗೆ ಪತ್ರ ಕೈಗೆ ಬರುವ ತನಕ ಗುಜರಿಯ ಕಡೆ ತಲೆ ಹಾಕಲಿಲ್ಲ.

ಇನ್ನೊಂದು ಲೆಕ್ಕವನ್ನೂ ಹಾಕಿಕೊಳ್ಳಿ. 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಎಂಜಿನ್ ಬದಲಿಸಿದ್ದಕ್ಕೆ ಆ ಬಾಗಿಲು ಮುಚ್ಚುತ್ತದೆ. ನಿಮ್ಮದು 1960ರ ದಶಕದ ಮಾರ್ಕ್ 1 ಅಥವಾ ಮಾರ್ಕ್ 2 ಆಗಿದ್ದು, ಬಾಡಿ ಚೆನ್ನಾಗಿದ್ದರೆ ದಯವಿಟ್ಟು ಬಿಎಂಸಿಯನ್ನೇ ಬೋರ್ ಮಾಡಿಸಿ ಇಟ್ಟುಕೊಳ್ಳಿ. ಈ ಲೇಖನ ದಿನಾ ಓಡಿಸುವವರಿಗೆ.

ಎಂಜಿನ್ ಒಂದನ್ನೇ ತರಬೇಡಿ

ಗುಜರಿಯವನು ಎಂಜಿನ್ನಿಗೆ ಒಂದು ರೇಟು, ಗೇರ್‌ಬಾಕ್ಸಿಗೆ ಒಂದು ರೇಟು ಹೇಳುತ್ತಾನೆ. ಉಳಿದ ಚಿಲ್ಲರೆ ಸಾಮಾನು ಬೇರೆ ಕಡೆ ಸಿಗುತ್ತೆ ಅನ್ನುತ್ತಾನೆ. ಸಿಗುವುದಿಲ್ಲ. ಮೊದಲ ಸಲ ನಾನು ಎಂಜಿನ್ನು, ಗೇರ್‌ಬಾಕ್ಸು ಮಾತ್ರ ತಂದೆ. ಆಮೇಲೆ ಒಂದು ಗೇರ್‌ಬಾಕ್ಸ್ ಬ್ರಾಕೆಟ್ಟಿಗಾಗಿ ಶಿವಾಜಿನಗರದ ಗುಜರಿ, ಜೆ.ಸಿ. ರಸ್ತೆ, ಮೈಸೂರು ಅಂತ ಎರಡು ತಿಂಗಳು ಅಲೆದೆ. ಕೊನೆಗೆ ಲೇಥಿನಲ್ಲಿ ಮಾಡಿಸಿದ್ದೂ ಸರಿಹೋಗಲಿಲ್ಲ. ಹಾಗಾಗಿ ಸಾಧ್ಯವಾದರೆ ತುಕ್ಕು ಹಿಡಿದು ಮೂಲೆಗೆ ಬಿದ್ದ ಇಡೀ ಐಎಸ್‌ಝಡ್ ಗಾಡಿಯನ್ನೇ ಕಾಗದಪತ್ರದ ಸಮೇತ ಕೊಳ್ಳಿ. ಎಂಜಿನ್, ಬೆಲ್ ಹೌಸಿಂಗ್, ಗೇರ್‌ಬಾಕ್ಸ್, ಅದರ ಕೆಳಗಿನ ಅಡ್ಡಪಟ್ಟಿ, ಎಲ್ಲ ಫೌಂಡೇಶನ್ ಬ್ರಾಕೆಟ್ಟು, ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಶಕ್ತಿ ಒಯ್ಯುವ ದಂಡ), ರೇಡಿಯೇಟರ್, ಫ್ಯಾನಿನ ಸುತ್ತಲ ಹೊದಿಕೆ, ಕ್ಲಚ್ ಪೆಡಲ್ ಜೋಡಣೆ, ಆಕ್ಸಿಲರೇಟರ್ ಕೇಬಲ್, ಸೈಲೆನ್ಸರಿನ ಮುಂದಿನ ಪೈಪು, ಆಲ್ಟರ್ನೇಟರ್, ಸೆಲ್ಫ್ ಮೋಟಾರ್, ಎಂಜಿನ್ ಕಡೆಯ ವೈರಿಂಗ್ ಇವೆಲ್ಲ ಅದರಲ್ಲೇ ಇರುತ್ತವೆ. ಬಿಚ್ಚುವಾಗ ಪ್ರತಿ ಬೋಲ್ಟನ್ನೂ ಅದರ ಜಾಗದ ಹೆಸರು ಬರೆದ ಕವರಿಗೆ ಹಾಕಿ.

ಅದೇ ಇಸುಜು 1800 ಎಂಜಿನ್ ಕಾಂಟೆಸ್ಸಾದಲ್ಲೂ ಬರುತ್ತಿತ್ತು. ಕಾಂಟೆಸ್ಸಾ ಎಂಜಿನ್ ಸಿಕ್ಕರೆ ಬೇಡ ಅನ್ನಬೇಕಿಲ್ಲ, ಆದರೆ ಚೇಂಬರ್ (ಎಂಜಿನ್ ತಳದ ಆಯಿಲ್ ತೊಟ್ಟಿ), ಫೌಂಡೇಶನ್ ಬ್ರಾಕೆಟ್, ಗೇರ್ ಲಿವರ್ ಹೊರಬರುವ ಜಾಗ ಇವು ಮೂರನ್ನೂ ಐಎಸ್‌ಝಡ್‌ದಕ್ಕೆ ಹೋಲಿಸಿ ಅಳೆದು ನೋಡಿದ ಮೇಲೆಯೇ ದುಡ್ಡು ಎಣಿಸಿ.

ಎಂಜಿನ್ ಸ್ಟಾರ್ಟ್ ಮಾಡಿ ತೋರಿಸಲು ಆಗದಿದ್ದರೆ ಕನಿಷ್ಠ ಕಂಪ್ರೆಷನ್ ಗೇಜ್ ಹಾಕಿಸಿ. ನಾಲ್ಕೂ ಸಿಲಿಂಡರಿನ ಅಳತೆ ಹತ್ತಿರ ಹತ್ತಿರ ಇರಬೇಕು. ಒಂದರದ್ದು ಉಳಿದವಕ್ಕಿಂತ ಶೇ. 10ಕ್ಕೂ ಹೆಚ್ಚು ಕಮ್ಮಿ ಬಂದರೆ ರೇಟು ಇಳಿಸಿ ಅಥವಾ ಬಿಟ್ಟುಬನ್ನಿ. ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆಯಂಥ ಬಿಳಿ ಕೆಸರು ಅಂಟಿದ್ದರೆ ನೀರು ಸೇರಿದೆ ಅಂತಲೇ. ನಂಬರ್ ಪಂಚ್ ಆದ ಜಾಗದಲ್ಲಿ ಗ್ರೈಂಡರ್ ಆಡಿಸಿದ ಗುರುತು ಕಂಡರೆ ಮಾತೇ ಬೇಡ, ವಾಪಸ್ ಬನ್ನಿ. ಬಿಲ್ಲು, ಹಳೆಯ ಆರ್‌ಸಿ ಪ್ರತಿ, ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ (ಎನ್‌ಸಿಆರ್‌ಬಿ) ವಾಹನ್ ಸಮನ್ವಯ ಜಾಲತಾಣದಲ್ಲಿ ಗಾಡಿ ಕಳುವಿನದ್ದಲ್ಲ ಅನ್ನುವ ಪ್ರತಿ, ಮೂರನ್ನೂ ಇಟ್ಟುಕೊಳ್ಳಿ. ಆರ್‌ಟಿಒ ಇವನ್ನು ಕೇಳಿಯೇ ಕೇಳುತ್ತಾರೆ.

ಮನೆಗೆ ತಂದ ಎಂಜಿನ್ ನೋಡಲು ಎಷ್ಟೇ ಚೆನ್ನಾಗಿರಲಿ, ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಹಿಂದಿನ ಆಯಿಲ್ ಸೀಲ್, ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್ ಹೊಸದು ಹಾಕಿ. ನೆಲದ ಮೇಲಿರುವಾಗ ಇದು ಅರ್ಧ ದಿನದ ಕೆಲಸ. ಒಳಗೆ ಕೂತ ಮೇಲೆ ರೇಡಿಯೇಟರನ್ನೋ ಗೇರ್‌ಬಾಕ್ಸನ್ನೋ ಇಳಿಸದೆ ಇವು ಕೈಗೆ ಸಿಗುವುದಿಲ್ಲ.

ಅಳತೆ

ಐಎಸ್‌ಝಡ್‌ನಿಂದ ಎಂಜಿನ್ ಎತ್ತುವ ಮೊದಲು, ನಿಮ್ಮ ಗಾಡಿಯಿಂದ ಬಿಎಂಸಿ ಎತ್ತುವ ಮೊದಲು, ಎರಡರಲ್ಲೂ ಒಂದೇ ಅಳತೆಗಳನ್ನು ತೆಗೆದುಕೊಳ್ಳಿ. ಗಾಡಿ ಸಮತಟ್ಟಾದ ಸಿಮೆಂಟ್ ನೆಲದ ಮೇಲೆ, ಟೈರಿಗೆ ಸರಿಯಾದ ಗಾಳಿ ಇರುವಂತೆ ನಿಂತಿರಲಿ. ಗಾರೆ ಕೆಲಸದವರ ತೂಗುಗುಂಡು ಸಾಕು: ಕ್ರ್ಯಾಂಕ್ ಪುಲ್ಲಿಯ ನಡುಬಿಂದುವಿನಿಂದ, ಗೇರ್‌ಬಾಕ್ಸಿನ ಹಿಂದಿನ ತುದಿಯಿಂದ, ಹೌಸಿಂಗ್ (ಹಿಂದಿನ ಆಕ್ಸಲ್) ಫ್ಲ್ಯಾಂಜ್‌ನಿಂದ ಗುಂಡು ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿ. ಡ್ಯಾಶ್‌ಬೋರ್ಡಿನ ಮುಂದಿನ ತಗಡಿನಿಂದ ಸಿಲಿಂಡರ್ ಹೆಡ್‌ಗೆ ಎಷ್ಟು, ಚೇಂಬರಿನಿಂದ ಮುಂದಿನ ಅಡ್ಡತೊಲೆಗೆ ಎಷ್ಟು, ಫ್ಯಾನಿನಿಂದ ರೇಡಿಯೇಟರಿಗೆ ಎಷ್ಟು, ನೆಲದಿಂದ ಮುಂದಿನ ಮಡ್‌ಗಾರ್ಡ್ ಅಂಚಿಗೆ ಎಷ್ಟು, ಎಲ್ಲ ಒಂದು ಪುಸ್ತಕದಲ್ಲಿ ಬರೆಯಿರಿ. ಮೊಬೈಲಿನಲ್ಲಿ ಫೋಟೊ ತೆಗೆಯುವಾಗ ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆಯಿರಿ. ಗೆಳೆಯನ ಗಾಡಿಯಲ್ಲಿ ನೂರಾರು ಫೋಟೊ ತೆಗೆದಿದ್ದೆ, ಒಂದರಲ್ಲೂ ಸ್ಕೇಲ್ ಇರಲಿಲ್ಲ. ಆ ಬ್ರಾಕೆಟ್ ಎರಡು ಇಂಚೋ ಮೂರು ಇಂಚೋ ಅಂತ ರಾತ್ರಿ ಹನ್ನೊಂದಕ್ಕೆ ಜಗಳ ಆಡಿದ್ದೇ ಬಂತು.

ಇಳಿಸುವುದು

ಇದು ಸುಲಭದ ಭಾಗ. ನಮ್ಮ ಮೇಸ್ತ್ರಿ ಹೇಳುತ್ತಿದ್ದರು, "ಎಂಜಿನ್ ಎತ್ತೋದು ಬೆಳಿಗ್ಗೆ ತಿಂಡಿ ಹೊತ್ತಿಗೆ ಮುಗಿಯುತ್ತೆ ಸ್ವಾಮಿ, ಇನ್ನೊಂದನ್ನ ಒಪ್ಪಿಸೋದಕ್ಕೆ ದೀಪಾವಳಿ ಬರುತ್ತೆ." ಬ್ಯಾಟರಿ ಬಿಚ್ಚಿ. ಬಾನೆಟ್ ಕೀಲಿನ ಸುತ್ತ ಗೆರೆ ಎಳೆದು ಬಾನೆಟ್ ತೆಗೆಯಿರಿ. ನೀರು, ಆಯಿಲ್ ಇಳಿಸಿ. ಪೆಟ್ರೋಲ್ ಪೈಪಿನ ಬಾಯಿಗೆ ಬೋಲ್ಟ್ ಸಿಕ್ಕಿಸಿ ಕ್ಲಿಪ್ ಬಿಗಿಯಿರಿ, ಪೆಟ್ರೋಲ್ ಒರೆಸಿದ ಬಟ್ಟೆಯನ್ನು ಶೆಡ್ಡಿನ ಹೊರಗೆ ಹಾಕಿ. ರೇಡಿಯೇಟರ್, ಗ್ರಿಲ್, ಸೈಲೆನ್ಸರ್ ಪೈಪು, ಪ್ರೊಪೆಲ್ಲರ್ ಶಾಫ್ಟ್, ಹ್ಯಾಂಡ್ ಗೇರಿನ (ಸ್ಟೇರಿಂಗ್ ಪಕ್ಕದ ಗೇರ್ ಲಿವರ್) ರಾಡುಗಳು ಕಳಚಿದ ಮೇಲೆ ಚೈನ್ ಬ್ಲಾಕ್ ಹಾಕಿ ಮುಂಭಾಗ ಮೇಲಕ್ಕೆ ವಾಲಿಸಿ, ಎಂಜಿನ್ನು ಗೇರ್‌ಬಾಕ್ಸು ಒಟ್ಟಿಗೆ ತೆಗೆಯಬಹುದು. ಚೈನ್ ಬ್ಲಾಕನ್ನು ಶೆಡ್ಡಿನ ತಗಡಿನ ಪೈಪಿಗೆ ಕಟ್ಟಬೇಡಿ. ಗಾಡಿ ಕೆಳಗೆ ಹೋಗುವುದಿದ್ದರೆ ಆಕ್ಸಲ್ ಸ್ಟ್ಯಾಂಡೇ ಬೇಕು. ಇಟ್ಟಿಗೆ, ಸೈಜುಗಲ್ಲು ಒಡೆಯುವ ಮೊದಲು ಸದ್ದು ಮಾಡುವುದಿಲ್ಲ.

ಖಾಲಿಯಾದ ಎಂಜಿನ್ ಗೂಡನ್ನು ತೊಳೆದು, ಸುತ್ತಿಗೆಯ ಹಿಂಬದಿಯಿಂದ ತಟ್ಟುತ್ತಾ ಹೋಗಿ. ಅಂಬಾಸಿಡರಿಗೆ ಲಾರಿಯಂತೆ ಬೇರೆ ಷಾಸಿ ಇಲ್ಲ, ಬಾಡಿಯೇ ಷಾಸಿ. ಮುಂದಿನ ಎರಡು ಪೆಟ್ಟಿಗೆ ತೊಲೆಗಳಲ್ಲಿ "ಟಣ್" ಬದಲು "ಪಟ್" ಅಂತ ಕೇಳಿದರೆ ಒಳಗೆ ತುಕ್ಕು ತಿಂದಿದೆ. ಅಲ್ಲಿ ಹೊಸ ತಗಡು ಕೂರಿಸುವುದು ಮೊದಲು.

ಕೂರಿಸುವುದು

ನಾನು ಕೈಸುಟ್ಟುಕೊಂಡದ್ದು ಇಲ್ಲಿ. 2006ರಲ್ಲಿ ಎಂಜಿನ್ನನ್ನು ಜ್ಯಾಕಿನ ಮೇಲೆ ನಿಲ್ಲಿಸಿ, ಮೇಲೆ ಮಟ್ಟದ ಕಡ್ಡಿ ಇಟ್ಟು, ಗುಳ್ಳೆ ನಡುವೆ ಬಂದಾಗ ಫೌಂಡೇಶನ್ ವೆಲ್ಡ್ ಮಾಡಿಸಿದೆವು. ಎಂಜಿನ್ ನೆಲಕ್ಕೆ ಸಮಾನಾಂತರ, ನೋಡಲು ಬಲು ಚಂದ. ಗಾಡಿ ಓಡಿದಾಗ ಗಂಟೆಗೆ 60 ಕಿ.ಮೀ. ದಾಟಿದೊಡನೆ ಹಿಂದಿನ ಸೀಟಿನಡಿ ಹಿಟ್ಟಿನ ಗಿರಣಿ ಶುರು. ಟೈರ್ ಬ್ಯಾಲೆನ್ಸ್ ಮಾಡಿಸಿದೆವು, ಶಾಫ್ಟ್ ಬ್ಯಾಲೆನ್ಸ್ ಮಾಡಿಸಿದೆವು, ಹೋಗಲಿಲ್ಲ. ಮೂರನೇ ತಿಂಗಳು ಹಿಂದಿನ ಯುಜೆ ಕ್ರಾಸ್ (ಶಾಫ್ಟ್ ತುದಿಯ ಬಾಗುವ ಕೀಲು) ಕಿತ್ತುಬಂತು.

ಕಾರಣ ಸರಳ. ಪ್ರೊಪೆಲ್ಲರ್ ಶಾಫ್ಟಿನ ಎರಡು ತುದಿಯ ಕ್ರಾಸ್‌ಗಳು ಓರೆಯಲ್ಲಿ ತಿರುಗುವಾಗ ಒಂದೊಂದು ಸುತ್ತಿಗೂ ಎರಡು ಸಲ ವೇಗ ಹೆಚ್ಚು ಕಮ್ಮಿ ಆಗುತ್ತದೆ. ಮುಂದಿನ ಕ್ರಾಸ್ ಮಾಡಿದ ಏರಿಳಿತವನ್ನು ಹಿಂದಿನದು ಅಳಿಸಿಹಾಕಬೇಕು. ಅದಕ್ಕೆ ಗೇರ್‌ಬಾಕ್ಸಿನ ಹಿಂತುದಿ ಮತ್ತು ಹೌಸಿಂಗಿನ ಪಿನಿಯನ್ (ಶಾಫ್ಟ್ ಸೇರುವ ಹಲ್ಲುಚಕ್ರ) ಎರಡೂ ಪರಸ್ಪರ ಸಮಾನಾಂತರವಾಗಿರಬೇಕು. ನೆಲಕ್ಕಲ್ಲ. ಎಂಜಿನ್ ಹಿಂದಕ್ಕೆ 3 ಡಿಗ್ರಿ ಇಳಿದಿದ್ದರೆ ಪಿನಿಯನ್ ಮುಂದಕ್ಕೆ 3 ಡಿಗ್ರಿ ಏರಿರಬೇಕು. ವ್ಯತ್ಯಾಸ 1 ಡಿಗ್ರಿಯೊಳಗೆ ಇರಲಿ. ಪ್ರತಿ ಕ್ರಾಸ್‌ನಲ್ಲಿ ಶಾಫ್ಟಿಗೂ ಅದಕ್ಕೂ ನಡುವಿನ ಓರೆ 1ರಿಂದ 3 ಡಿಗ್ರಿ ಇದ್ದರೆ ಒಳ್ಳೆಯದು. ಸೊನ್ನೆ ಇದ್ದರೂ ಕ್ರಾಸ್‌ನ ಸೂಜಿ ಬೇರಿಂಗ್ ಒಂದೇ ಕಡೆ ಸವೆಯುತ್ತದೆ.

ಗೆಳೆಯನ ಗಾಡಿಯಲ್ಲಿ ಇದನ್ನೆಲ್ಲ ಮೊಬೈಲಿನ ಕೋನ ಅಳೆಯುವ ಆಪಿನಿಂದಲೇ ನೋಡಿದೆವು. ಫೋನಿನ ಅಂಚನ್ನು ಫ್ಲ್ಯಾಂಜಿನ ಮುಖಕ್ಕೆ ಒತ್ತಿ ಹಿಡಿದರಾಯಿತು. ಹಿಂದಿನ ಚಕ್ರಗಳು ನೆಲದ ಮೇಲಿರಬೇಕು, ಡಿಕ್ಕಿಯಲ್ಲಿ ಇಬ್ಬರ ತೂಕದ ಮೂಟೆ ಇರಬೇಕು. ಗಾಡಿಯನ್ನು ನೇತುಹಾಕಿ ಅಳೆದ ಕೋನ ಸುಳ್ಳು ಹೇಳುತ್ತದೆ.

ಹೀಗೆ ಮಾಡಿ: ಐಎಸ್‌ಝಡ್ ಬ್ರಾಕೆಟ್ಟುಗಳನ್ನು ಅವು ಇದ್ದ ಅಳತೆಗೆ ಬೋಲ್ಟ್ ಮಾಡಿ ಅಥವಾ ಟ್ಯಾಕ್ (ತಾತ್ಕಾಲಿಕ ಚುಕ್ಕೆ ವೆಲ್ಡ್) ಹೊಡೆಸಿ. ರಬ್ಬರ್ ಹೊಸದಿರಲಿ, ಹಳೆಯದು ಜಗ್ಗಿರುತ್ತದೆ. ಎಂಜಿನ್ ತೂಕ ಪೂರ್ತಿ ಬಿದ್ದ ಮೇಲೆ ಕೋನ ನೋಡಿ. ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಚೇಂಬರಿಗೆ ಏನೂ ತಾಗುತ್ತಿಲ್ಲ ಅಂತ ಖಚಿತಪಡಿಸಿಕೊಳ್ಳಿ. ಸೈಲೆನ್ಸರ್ ಪೈಪು, ಸೆಲ್ಫ್ ಮೋಟಾರು, ಆಯಿಲ್ ಫಿಲ್ಟರು ಎಲ್ಲ ಹಾಕಿ, ಫಿಲ್ಟರನ್ನು ಕೈಯಲ್ಲಿ ಬಿಚ್ಚಿ ತೆಗೆಯಲು ಆಗುತ್ತದಾ ನೋಡಿ. ಎಲ್ಲ ಸರಿ ಕಂಡ ಮೇಲೆ ಎಂಜಿನ್ ಮತ್ತೆ ಎತ್ತಿ, ಕೆಳಗೆ ಬಲಪಟ್ಟಿ ಕೊಟ್ಟು ಪೂರ್ತಿ ವೆಲ್ಡ್ ಹೊಡೆಸಿ. ಎರಡೆರಡು ಸಲ ಎತ್ತಿಳಿಸುವುದು ಬೇಜಾರೇ, ಮೇಸ್ತ್ರಿ ಗೊಣಗುತ್ತಾರೆ. ಗೊಣಗಲಿ.

ಶಾಫ್ಟು ಮತ್ತು ಹೌಸಿಂಗು

ಐಎಸ್‌ಝಡ್ ಶಾಫ್ಟ್ ಉದ್ದ ಸರಿಹೋದರೆ ಅದೃಷ್ಟ. ಹೋಗದಿದ್ದರೆ ಶಾಫ್ಟ್ ಕೆಲಸವನ್ನೇ ಮಾಡುವ ಲೇಥಿಗೆ ಕೊಡಿ, ಗೇಟು ಕಿಟಕಿ ವೆಲ್ಡ್ ಮಾಡುವವರಿಗೆ ಬೇಡ. ಜಾರುವ ತುದಿ ಪೂರ್ತಿ ಒಳಹೋದಾಗಿನ ಜಾಗದಿಂದ 20-25 ಮಿ.ಮೀ. ಹೊರಗಿರುವಂತೆ ಉದ್ದ ಕೊಡಿ. ಹಂಪ್ ಹಾರಿದಾಗ ಹೌಸಿಂಗ್ ಮೇಲೆದ್ದು ಆ ಜಾಗ ಬೇಕಾಗುತ್ತದೆ. ಎರಡೂ ತುದಿಯ ಕವಲುಗಳು ಒಂದೇ ನೇರದಲ್ಲಿವೆಯಾ ನೋಡಿ, ಬ್ಯಾಲೆನ್ಸ್ ಮಾಡಿಸಿಯೇ ತನ್ನಿ.

ಹೌಸಿಂಗಿನ ಅನುಪಾತ (ಎರಡೂ ಚಕ್ರ ಒಂದು ಸುತ್ತು ತಿರುಗಲು ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಅನ್ನುವುದು) ತಿಳಿಯಲು ಬಿಚ್ಚಬೇಕಿಲ್ಲ. ಒಂದು ಹಿಂದಿನ ಚಕ್ರ ನೆಲದ ಮೇಲೆ ಭದ್ರವಾಗಿರಲಿ, ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಇನ್ನೊಂದು ಹಿಂಚಕ್ರವನ್ನು ಎತ್ತಿ, ಗೇರ್ ನ್ಯೂಟ್ರಲ್ ಮಾಡಿ, ಎತ್ತಿದ ಚಕ್ರವನ್ನು ಎರಡು ಸುತ್ತು ತಿರುಗಿಸಿ. ಶಾಫ್ಟ್ ಎಷ್ಟು ಸುತ್ತು ತಿರುಗಿತೋ ಅದೇ ಅನುಪಾತ. ನಾಲ್ಕೂವರೆ ಸುತ್ತಿಗಿಂತ ಸ್ವಲ್ಪ ಹೆಚ್ಚು, 4.55 ಬಂತು ಎಂದುಕೊಳ್ಳಿ. ಟೈರಿನ ಸುತ್ತಳತೆ 2.05 ಮೀಟರ್ ಆದರೆ 80 ಕಿ.ಮೀ. ವೇಗದಲ್ಲಿ ನೇರ ಗೇರಿನಲ್ಲಿ (ನಾಲ್ಕನೆಯದು) ಎಂಜಿನ್ ನಿಮಿಷಕ್ಕೆ ಸುಮಾರು 2,950 ಸುತ್ತು. ಮೇಲಿನ ಐದನೇ ಗೇರು 0.85 ಇದ್ದರೆ ಸುಮಾರು 2,500. ಹೆದ್ದಾರಿಯಲ್ಲಿ ಗೇರ್‌ಬಾಕ್ಸ್ ಬದಲಿಸಿದ್ದರ ಸುಖ ಇದು. ಇನ್ನೂ ಕಿರುಚಿದರೆ ಐಎಸ್‌ಝಡ್ ಹೌಸಿಂಗನ್ನೂ ಹಾಕಬಹುದು, ಅವಸರವಿಲ್ಲ.

ಹ್ಯಾಂಡ್ ಗೇರ್ ಹೋಗಿ ಫ್ಲೋರ್ ಗೇರ್ ಬರುವುದರಿಂದ ನಡುವಿನ ಗೂಡು ಕತ್ತರಿಸಬೇಕಾಗುತ್ತದೆ. ಮುಂದಿನ ಉದ್ದ ಸೀಟಿನಲ್ಲಿ ಮಧ್ಯೆ ಕೂರುತ್ತಿದ್ದವರ ಕಾಲ ಅಲ್ಲಿಗೆ ಮುಗಿಯಿತು. ನಮ್ಮಲ್ಲಿ ಆ ಜಾಗ ಅಜ್ಜಿಯದಾಗಿತ್ತು, ಅವರು ಅದನ್ನು ಕೊನೆಯ ತನಕ ಕ್ಷಮಿಸಲಿಲ್ಲ.

ನೀರು, ಪೆಟ್ರೋಲು, ಕರೆಂಟು

ಬಿಎಂಸಿಯ ರೇಡಿಯೇಟರನ್ನೇ ಇಟ್ಟುಕೊಂಡರೆ ಊರೊಳಗೆ ನಡೆದೀತು, ಶಿರಾಡಿ ಹತ್ತುವಾಗ ನಡೆಯದು. ಐಎಸ್‌ಝಡ್ ರೇಡಿಯೇಟರನ್ನು ಒಳಗಿನಿಂದ ರಾಡ್ ಹೊಡೆಸಿ, ಹೊದಿಕೆಯ ಸಮೇತ ಹಾಕಿ. ಬಿಸಿಯಾಗುತ್ತದೆ ಅಂತ ಥರ್ಮೋಸ್ಟಾಟ್ ಕಿತ್ತೆಸೆಯುವ ಸಲಹೆ ಎಲ್ಲ ಗ್ಯಾರೇಜಿನಲ್ಲೂ ಸಿಗುತ್ತದೆ. ಕೇಳಬೇಡಿ. ತಣ್ಣಗೇ ಓಡುವ ಎಂಜಿನ್ ಪೆಟ್ರೋಲ್ ಕುಡಿಯುತ್ತದೆ, ಬೋರ್ ಸವೆಯುತ್ತದೆ.

ಪೆಟ್ರೋಲ್ ಟ್ಯಾಂಕನ್ನು ಇಳಿಸಿ ತೊಳೆಸಿ. ಈಗ ಬಂಕಿನಲ್ಲಿ ಸಿಗುವುದು ಶೇ. 20ರವರೆಗೆ ಎಥೆನಾಲ್ ಬೆರೆಸಿದ ಪೆಟ್ರೋಲು, ಹಳೆಯ ರಬ್ಬರನ್ನು ಅದು ಜಿಗುಟು ಮಾಡುತ್ತದೆ. ಟ್ಯಾಂಕಿನಿಂದ ಕಾರ್ಬುರೇಟರಿನವರೆಗಿನ ಎಲ್ಲ ರಬ್ಬರ್ ಪೈಪು, ಪಂಪಿನ ಡಯಾಫ್ರಾಮ್ ಎಥೆನಾಲ್ ತಡೆಯುವಂಥದ್ದೇ ಹಾಕಿ.

ವೈರಿಂಗಿನಲ್ಲಿ ಮೊದಲು ನೋಡಬೇಕಾದ್ದು ಅರ್ಥ್. ಹಳೆಯ ಗಾಡಿಗಳಲ್ಲಿ ಕೆಲವು ಪಾಸಿಟಿವ್ ಅರ್ಥ್‌ನವು (ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಜೋಡಿಸಿದವು), ಡೈನಮೊ ಇದ್ದವು. ಇಸುಜು ಆಲ್ಟರ್ನೇಟರ್ ನೆಗೆಟಿವ್ ಅರ್ಥ್. ಬ್ಯಾಟರಿಯನ್ನು ಹಳೆಯ ರೀತಿಯಲ್ಲೇ ಕಟ್ಟಿದರೆ ಆಲ್ಟರ್ನೇಟರಿನ ಡಯೋಡ್‌ಗಳು ಒಂದು ಕ್ಷಣವೂ ತಡೆಯುವುದಿಲ್ಲ. ಬ್ಯಾಟರಿ ತಿರುಗಿಸಿ, ಆಂಪಿಯರ್ ಮೀಟರಿನ ಎರಡು ವೈರು ಅದಲುಬದಲು ಮಾಡಿ, ಹಳೆಯ ರೇಡಿಯೊ ಇದ್ದರೆ ಬಿಚ್ಚಿಡಿ. ಡೈನಮೊದ ಕಟ್‌ಔಟ್ ಪೆಟ್ಟಿಗೆ ಇನ್ನು ಬೇಡ.

ಎರಡನೇ ಗಾಡಿಯಲ್ಲಿ ನಾನು ಮಾಡಿದ ತಪ್ಪು ಇದೇ ಜಾಗದ್ದು. ಎಲ್ಲ ಜೋಡಿಸಿ ಮೊದಲ ಸಲ ಸೆಲ್ಫ್ ಹೊಡೆದಾಗ ಎಂಜಿನ್ ಮುಲುಗಿತು, ಅಷ್ಟೇ. ಇನ್ನೊಮ್ಮೆ ಹೊಡೆದೆ. ಚೋಕ್ ಗುಂಡಿಯ ಹತ್ತಿರ ಸುಟ್ಟ ವಾಸನೆ ಬಂತು, ಕೈಯಿಟ್ಟರೆ ಕೇಬಲ್ ಕಾದ ಕಬ್ಬಿಣ. ಎಂಜಿನ್ನಿನಿಂದ ಬಾಡಿಗೆ ಬರುವ ಅರ್ಥ್ ಪಟ್ಟಿ ಹಾಕುವುದನ್ನೇ ಮರೆತಿದ್ದೆ. ರಬ್ಬರ್ ಫೌಂಡೇಶನ್ ಮೇಲೆ ಕೂತ ಎಂಜಿನ್ನಿಗೆ ಬಾಡಿಯ ಜೊತೆ ಬೇರೆ ಸಂಬಂಧವಿಲ್ಲ, ಸೆಲ್ಫ್ ಮೋಟಾರಿನ ಅಷ್ಟೂ ಕರೆಂಟು ಚೋಕ್ ಕೇಬಲಿನಲ್ಲಿ ಹರಿದಿತ್ತು. ದಪ್ಪನೆಯ ತಾಮ್ರದ ಪಟ್ಟಿಯನ್ನು ಪೇಂಟ್ ಕೆರೆದ ಜಾಗಕ್ಕೆ ಬಿಗಿಯಿರಿ.

ಬ್ರೇಕ್ ಮೊದಲು

ಕ್ರಮದಲ್ಲಿ ಕೊನೆಗೆ ಬರೆದಿದ್ದೇನೆ, ಮಾಡಬೇಕಾದ್ದು ಎಂಜಿನ್ನಿಗಿಂತ ಮೊದಲು. ಹಳೆಯ ಅಂಬಾಸಿಡರಿಗೆ ನಾಲ್ಕೂ ಡ್ರಮ್ಮು, ಬೂಸ್ಟರ್ ಇಲ್ಲ. ಒಂದೂವರೆ ಪಟ್ಟು ಶಕ್ತಿಯ ಎಂಜಿನ್ನಿಗೆ ಅದು ಸಾಲದು. ನಂತರದ ಗಾಡಿಗಳ ಮುಂದಿನ ಡಿಸ್ಕು, ಬೂಸ್ಟರು, ಅದರದ್ದೇ ಮಾಸ್ಟರ್ ಸಿಲಿಂಡರ್ ಒಟ್ಟಾಗಿ ಸಿಕ್ಕರೆ ತನ್ನಿ, ಆರ್‌ಟಿಒ ಅರ್ಜಿಯಲ್ಲಿ ಅದನ್ನೂ ಬರೆಯಿರಿ. ಡಿಸ್ಕಿಗೆ ಡ್ರಮ್ಮಿನ ಮಾಸ್ಟರ್ ಸಿಲಿಂಡರ್ ಜೋಡಿಸುವ ಜುಗಾಡ್ ಬೇಡ.

ಮೊದಲ ಸ್ಟಾರ್ಟು

ಆಯಿಲ್ ತುಂಬಿ, ನಾಲ್ಕೂ ಪ್ಲಗ್ ಬಿಚ್ಚಿ, ಕಾಯಿಲ್ ವೈರ್ ಕಳಚಿ, ಆಯಿಲ್ ದೀಪ ಆರುವ ತನಕ ಹತ್ತತ್ತು ಸೆಕೆಂಡಿನಂತೆ ಸೆಲ್ಫ್ ಹೊಡೆಯಿರಿ. ಆಮೇಲೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ. ಹೀಟರ್ ಪೈಪು ಬೆಚ್ಚಗಾಗುವವರೆಗೆ ರೇಡಿಯೇಟರ್ ಮುಚ್ಚಳ ತೆಗೆದೇ ಇಟ್ಟು, ಗಾಳಿ ಗುಳ್ಳೆ ನಿಂತ ಮೇಲೆ ನೀರು ತುಂಬಿ ಮುಚ್ಚಿ. ಟೈಮಿಂಗ್ ಲೈಟ್ ಹಿಡಿದು ಟೈಮಿಂಗ್ ಕೂರಿಸಿ. ಅಷ್ಟರಲ್ಲಿ ಒಬ್ಬರು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಪಕ್ಕದಲ್ಲಿರಲಿ, ವಿಡಿಯೊ ಮಾಡುವವರು ಆಮೇಲೆ ಮಾಡಲಿ.

ಇನ್‌ಸ್ಪೆಕ್ಟರ್ ನೋಡಿ ಆರ್‌ಸಿಯಲ್ಲಿ ಹೊಸ ನಂಬರ್ ಬರುವವರೆಗೆ ಗಾಡಿ ಕಾಂಪೌಂಡಿನಲ್ಲೇ ಇರಲಿ, ತಪಾಸಣೆಗೆ ಬೇಕಾದರೆ ಟೋ ಮಾಡಿ ಒಯ್ಯಿರಿ. ಆರ್‌ಸಿ ಬಂದ ದಿನವೇ ವಿಮೆಯವರಿಗೂ ಪತ್ರ ಕೊಟ್ಟು ಪಾಲಿಸಿಯಲ್ಲಿ ತಿದ್ದಿಸಿ. ಮೊದಲ ದಿನ ಊರ ಸುತ್ತ 10 ಕಿ.ಮೀ., ತಣ್ಣಗಾದ ಮೇಲೆ ಎಲ್ಲ ಫೌಂಡೇಶನ್ ಬೋಲ್ಟು, ಶಾಫ್ಟ್ ಬೋಲ್ಟು ಮತ್ತೊಮ್ಮೆ ಬಿಗಿ. ಎರಡನೇ ವಾರ 100 ಕಿ.ಮೀ. ಮುಂಭಾಗದ ಎತ್ತರ ನಿಮ್ಮ ಪುಸ್ತಕದ ಅಳತೆಗಿಂತ ಕಮ್ಮಿಯಾಗಿದ್ದರೆ ಟಾರ್ಷನ್ ಬಾರ್ ಹೊಂದಿಸಿ, ಅಲೈನ್‌ಮೆಂಟ್ ಮಾಡಿಸಿ. ಘಾಟಿ ಪರೀಕ್ಷೆಗೆ ನಾವು ಗುಂಡ್ಯದಿಂದ ಸಕಲೇಶಪುರಕ್ಕೆ ಹತ್ತಿದೆವು, ಮಧ್ಯಾಹ್ನದ ಬಿಸಿಲಲ್ಲಿ, ಐದು ಜನ ಕೂತು. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮಧ್ಯದಿಂದ ಒಂದು ಬೆರಳು ಮೇಲೆ ಹೋಗಿ ಅಲ್ಲೇ ನಿಂತಿತು.

ಬಿಚ್ಚಿದ ಬಿಎಂಸಿಯನ್ನು ಗುಜರಿಗೆ ತೂಗಿಸಬೇಡಿ. ಪ್ಲಗ್ ರಂಧ್ರಗಳಲ್ಲಿ ಎರಡೆರಡು ಚಮಚ ಎಂಜಿನ್ ಆಯಿಲ್ ಬಿಟ್ಟು, ರಂಧ್ರ ಮುಚ್ಚಿ, ಮರದ ಹಲಗೆಯ ಮೇಲೆ ನಿಲ್ಲಿಸಿ ಗೋಣಿ ಹೊದಿಸಿ. ತಿಂಗಳಿಗೊಮ್ಮೆ ಕ್ರ್ಯಾಂಕನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ. ನಮ್ಮದು ಇನ್ನೂ ಕೊಟ್ಟಿಗೆಯ ಮೂಲೆಯಲ್ಲಿದೆ, ಅಪ್ಪ ತಿರುಗಿಸುತ್ತಾರೆ.